ತನ್ನದಲ್ಲದ ಹಣದ ಮಾತು

ತಾನು ಒಂದು ಕಾಸನ್ನೂ ತೊಡಗಿಸದ ವ್ಯವಹಾರದಲ್ಲಿ, ಲಾಭಹಾನಿಗಳೆರಡೂ ತನ್ನ ಖಾತೆಗೆ ಬಾರದ ಖರ್ಚಿನ ವಿಷಯದಲ್ಲಿ, ಇಂಥದನ್ನು ಕೊಳ್ಳಬೇಕಿತ್ತು, ಇಂಥದನ್ನು ಬಿಡಬೇಕಿತ್ತು ಎಂದು ಗಟ್ಟಿಯಾಗಿ ಅಭಿಪ್ರಾಯ ಹೇಳುವವನು ಆ ವ್ಯವಹಾರದ ಪುಣ್ಯಪಾಪಗಳಿಗೆ ಎಷ್ಟರಮಟ್ಟಿಗೆ ಪಾಲುಗಾರನಾಗುತ್ತಾನೆ? ಪ್ರಶ್ನೆ ಹಳೆಯದು, ಶ್ರಾವಕಾಚಾರದ ಗ್ರಂಥಗಳಲ್ಲಿ ಅದಕ್ಕೆ ಉತ್ತರವೂ ಉಂಟು. ಆದರೆ ಇತ್ತೀಚಿನ ವರ್ಷಗಳಲ್ಲಿ ಅದು ಆಟದ ಮೈದಾನದ ಕಡೆಯಿಂದ ನಮ್ಮ ಮನೆಗಳನ್ನು ಪ್ರವೇಶಿಸಿದೆ. ಯುರೋಪಿನಲ್ಲಿ ಫುಟ್‌ಬಾಲ್ ಕ್ಲಬ್ಬುಗಳು ಪರಸ್ಪರ ಹಣ ತೆತ್ತು ಆಟಗಾರರನ್ನು ವರ್ಗಾಯಿಸಿಕೊಳ್ಳುವ ಕಾಲ ಬಂದರೆ ಆ ಊರುಗಳ ಜನ ಉಣ್ಣುವಾಗಲೂ ಅದನ್ನೇ ಚರ್ಚಿಸುತ್ತಾರಂತೆ. ನಮ್ಮಲ್ಲಿ ಆ ಸ್ಥಾನ ಕ್ರಿಕೆಟ್ಟಿನ ಐ.ಪಿ.ಎಲ್. ಹರಾಜಿಗೆ ಸಂದಿದೆ. ಹಿಪ್ಪರಗಿಯ ಕಬ್ಬಿನ ಹೊಲದಲ್ಲಿ, ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದಿನ ನಡುವೆ, ನನ್ನಂಥವರ ಅಂಗಡಿಯ ಕಟ್ಟೆಯ ಮೇಲೆ, ಬೆಂಗಳೂರಿನ ತಂಡ ಯಾರಿಗೆ ಎಷ್ಟು ಕೋಟಿ ಕೊಟ್ಟಿತು ಎಂಬುದು ಬೆಲ್ಲದ ಧಾರಣೆಗಿಂತ ಹೆಚ್ಚು ಚರ್ಚೆಯಾಗುತ್ತದೆ.

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜಿದ್ದಾ ನಗರದಲ್ಲಿ ನಡೆದ ದೊಡ್ಡ ಹರಾಜನ್ನು ವಾಚಕರು ಮರೆತಿರಲಾರರು. ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಗಳ ಮಿತಿ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದವರು ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರರಿಗೆ 11 ಕೋಟಿ, ಯಶ್ ದಯಾಳರಿಗೆ 5 ಕೋಟಿ ಕೊಟ್ಟು ಮೂವರನ್ನು ಮೊದಲೇ ಉಳಿಸಿಕೊಂಡಿದ್ದರಿಂದ ಕೈಯಲ್ಲಿ 83 ಕೋಟಿ ಇತ್ತು. ಕನ್ನಡಿಗರಾದ ಕೆ.ಎಲ್. ರಾಹುಲ್ ತವರಿಗೆ ಮರಳುವರೆಂದು ಎಲ್ಲರೂ ಕಾದರು. ಅವರು 14 ಕೋಟಿಗೆ ಡೆಲ್ಲಿಯ ಪಾಲಾದರು. ಮೊದಲ ದಿನ ಮುಗಿದಾಗ ಬೆಂಗಳೂರಿನವರು ಸಾಕಷ್ಟು ಹಣವನ್ನು ಗಂಟಿನಲ್ಲಿಯೇ ಉಳಿಸಿಕೊಂಡಿದ್ದರು. ಮರುದಿನ ನಮ್ಮ ಓಣಿಯ ಪದವೀಧರ ಯುವಕನೊಬ್ಬ ಅಂಗಡಿಗೆ ಬಂದು, "ಕಾಕಾರ, ನಮ್ಮವ್ರು ರೊಕ್ಕಾ ಕೈಯಾಗ ಇಟಗೊಂಡು ಸುಮ್ಮ ಕುಂತಾರ ನೋಡ್ರಿ. ಹಿಂಗ ಆದ್ರ ಮುಂದಿನ ವರ್ಷನೂ ಹ್ವಾದಂಗನ" ಎಂದು ನಿಟ್ಟುಸಿರು ಬಿಟ್ಟ. ಆ ದನಿಯಲ್ಲಿದ್ದ ನೋವು ನಟನೆಯದಲ್ಲ. ತಂದೆಯ ಸಾಲದ ವಿಷಯ ಹೇಳುವಾಗಲೂ ಅವನ ಮುಖ ಅಷ್ಟು ಬಾಡಿದ್ದನ್ನು ನಾನು ಕಂಡಿಲ್ಲ.

ಎರಡನೆಯ ದಿನ ಭುವನೇಶ್ವರ್ ಕುಮಾರರನ್ನು 10.75 ಕೋಟಿಗೆ, ಕೃಣಾಲ್ ಪಾಂಡ್ಯರನ್ನು 5.75 ಕೋಟಿಗೆ ಕೊಂಡರು. ವಯಸ್ಸಾದ ಎತ್ತಿಗೆ ಹೊಸ ಎತ್ತಿನ ಬೆಲೆ ಎಂದು ಕಟ್ಟೆಯ ಮೇಲೆ ತೀರ್ಮಾನವಾಯಿತು. 2025ರ ಜೂನ್ 3ರಂದು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಅದೇ ಕೃಣಾಲ್ ನಾಲ್ಕು ಓವರುಗಳಲ್ಲಿ ಕೇವಲ 17 ರನ್ನು ಕೊಟ್ಟು ಇಬ್ಬರನ್ನು ಉರುಳಿಸಿ ಪಂದ್ಯಪುರುಷರೆನಿಸಿದರು. 18 ವರ್ಷಗಳ ಕಾಯುವಿಕೆ ಮುಗಿದು ಬೆಂಗಳೂರು ಗೆದ್ದಿತು. ನಿಟ್ಟುಸಿರು ಬಿಟ್ಟಿದ್ದ ಯುವಕನೇ ಪೇಡೆ ಹಂಚಿದ. ಹರಾಜಿನಲ್ಲಿ "ನಮ್ಮವರ" ಲೆಕ್ಕಾಚಾರ ಎಷ್ಟು ಸೂಕ್ಷ್ಮವಾಗಿತ್ತು ಎಂದು ವಿವರಿಸಿದವನೂ ಅವನೇ.

ಇಲ್ಲಿ ಒಂದು ಮಾತು. ಗೆಲುವಿನ ಅಂತರ 6 ರನ್ನು. 2009ರ ಅಂತಿಮ ಪಂದ್ಯದಲ್ಲಿ ಇದೇ ತಂಡ ಡೆಕ್ಕನ್ ಚಾರ್ಜರ್ಸಿಗೆ ಸೋತದ್ದೂ 6 ರನ್ನಿನಿಂದಲೇ. ಒಂದು ಚೆಂಡು ಬೇಲಿ ದಾಟುವುದರಲ್ಲಿ ಮುಗಿದುಹೋಗುವ ವ್ಯತ್ಯಾಸದ ಮೇಲೆ ಒಂದು ವರ್ಷ ಜಾಣತನವೆಂದೂ ಇನ್ನೊಂದು ವರ್ಷ ದಡ್ಡತನವೆಂದೂ ಹೆಸರಿಡುವುದನ್ನು ಯಾವ ವ್ಯಾಪಾರಿಯೂ ಒಪ್ಪಲಾರ. ತಪ್ಪು ತೂಕದಿಂದ ಲಾಭ ಬಂದರೆ ತೂಕ ಸರಿಯಾಗುವುದಿಲ್ಲ. ಸರಿಯಾಗಿ ನೋಡಿ ಕೊಂಡ ಮಾಲು ಮಳೆಗೆ ಸಿಕ್ಕರೆ ನೋಟ ತಪ್ಪಾಗುವುದಿಲ್ಲ. ಕರ್ಮಬಂಧವನ್ನು ಫಲದಿಂದಲ್ಲ, ಭಾವದಿಂದ ಅಳೆಯುವುದನ್ನು ಕಲಿತ ಸಮಾಜ ಆಟದ ವಿಷಯ ಬಂದೊಡನೆ ಫಲಿತಾಂಶವನ್ನೇ ತಕ್ಕಡಿ ಮಾಡಿಕೊಳ್ಳುವುದು ವಿಚಿತ್ರವೇ ಸರಿ.

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಸವಾಲು ನಡೆಯುವುದನ್ನು ನಾನು ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ. ಪೆಂಟೆಯ ಬಣ್ಣ ನೋಡಬೇಕು, ಚೂರು ಮುರಿದು ಬಾಯಿಗೆ ಹಾಕಿಕೊಳ್ಳಬೇಕು, ಆಮೇಲೆ ಬೆಲೆ ಕೂಗಬೇಕು. ಕೂಗಿದವನು ಮಾಲು ಎತ್ತಲೇಬೇಕು. ಸುತ್ತ ನಿಂತವರಲ್ಲಿ ಯಾರಾದರೂ "ಇನ್ನಷ್ಟು ಏರಿಸಿರಿ" ಎಂದರೆ ಅಡತಿಯವನು ಅವನತ್ತ ತಿರುಗಿ, "ನೀವ ಎತ್ತತೀರೇನ್ರಿ?" ಎಂದು ಕೇಳುತ್ತಿದ್ದ, ಬಾಯಿ ತಾನಾಗಿ ಮುಚ್ಚುತ್ತಿತ್ತು. ಆಟದ ಅಭಿಮಾನಿಯನ್ನು ಹಾಗೆ ಕೇಳುವವರಿಲ್ಲ. ಅವನು ಕೂಗುತ್ತಾನೆ, ಎತ್ತುವುದಿಲ್ಲ. ಆದ್ದರಿಂದ ಅವನ ಮಾತಿಗೆ ಭಾರವಿಲ್ಲವೆಂದು ಅನೇಕರು ತಿಳಿದಿದ್ದಾರೆ. ಭಾರವಿದೆ ಎಂಬುದು ನನ್ನ ಅಭಿಪ್ರಾಯ.

ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮವನ್ನು ಗಮನಿಸೋಣ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ನಿರೂಪಿಸಿದಂತೆ ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ಎಂದರೆ, ಮನೆಮಾರು ಹೊಲಗದ್ದೆ ಚಿನ್ನಬೆಳ್ಳಿಗಳೆಲ್ಲವನ್ನೂ ಬಿಟ್ಟವನಿಗೂ ಬಿಡಲು ಇನ್ನೊಂದು ಉಳಿದಿರುತ್ತದೆ. ಮಗನು ವ್ಯಾಪಾರದ ವಿಷಯ ಕೇಳಿದಾಗ "ಹೂಂ, ಕೊಳ್ಳು" ಎನ್ನುವ ಮಾತು. ಮದುವೆಯ ಖರ್ಚಿನ ವಿಷಯದಲ್ಲಿ "ಇಷ್ಟು ಸಾಲದು" ಎನ್ನುವ ಸಲಹೆ. ಆಸ್ತಿಯನ್ನು ಬಿಡುವುದು ಒಂಬತ್ತನೆಯ ಮೆಟ್ಟಿಲಾದರೆ ಆಸ್ತಿಯ ಬಗೆಗಿನ ಅಭಿಪ್ರಾಯವನ್ನು ಬಿಡುವುದು ಅದಕ್ಕಿಂತ ಮೇಲಿನ ಮೆಟ್ಟಿಲು! ಈ ಕ್ರಮವನ್ನು ಇಟ್ಟವರು ಮನುಷ್ಯನ ಮನಸ್ಸನ್ನು ಎಷ್ಟು ಬಲ್ಲವರಾಗಿದ್ದರು ಎಂದು ನಾನು ಅನೇಕ ಸಲ ಬೆರಗಾಗಿದ್ದೇನೆ. ವ್ಯವಹಾರವನ್ನು ಮಕ್ಕಳ ಕೈಗೊಪ್ಪಿಸಿದ ಹಿರಿಯರಿರುವ ಮನೆಗಳಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕದ ಭಾಷೆಯಲ್ಲಿಯೇ ಹೇಳುವುದಾದರೆ, ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣಕ್ಕೆ 108 ಭೇದಗಳನ್ನು ಹೇಳಲಾಗಿದೆ: ಸಂರಂಭ, ಸಮಾರಂಭ, ಆರಂಭ ಮೂರು, ಮನ, ವಚನ, ಕಾಯ ಮೂರು, ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಮೂರು, ಕ್ರೋಧ ಮಾನ ಮಾಯೆ ಲೋಭ ಎಂಬ ಕಷಾಯಗಳು ನಾಲ್ಕು. ಗುಣಿಸಿದರೆ 108. ಇವುಗಳಲ್ಲಿ 36 ಬರಿಯ ಒಪ್ಪಿಗೆಯ ಪಾಲಿಗೆ ಬರುತ್ತವೆ. ಕೈ ಮುಟ್ಟಿ ಮಾಡಿದವನಿಗೆ ಎಷ್ಟೋ, ಕೂತಲ್ಲಿಂದ "ಭಲೆ" ಎಂದವನಿಗೂ ಅಷ್ಟೇ ಮನೆಗಳು. ಈ ಲೆಕ್ಕದಲ್ಲಿ ಅಭಿಮಾನಿ ಹೊರಗಿನವನಾಗಲಾರ.

"ಆಟವನ್ನು ಆಟವಾಗಿ ನೋಡಬಾರದೇ? ಎಲ್ಲದಕ್ಕೂ ಆಸ್ರವ ಬಂಧಗಳನ್ನು ತರಬೇಕೇ?" ಎಂದು ಕೇಳುವವರುಂಟು. ಆಟವನ್ನು ನೋಡಿ ಸಂತೋಷಪಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಸುಂದರವಾದ ಹೊಡೆತ ಯಾರದೇ ಆದರೂ ಸುಂದರ. ಇಲ್ಲಿ ವಿಚಾರಣೀಯವಾದದ್ದು ಆಟವಲ್ಲ, "ನಮ್ಮ" ಎಂಬ ಪದ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಲ್ಲ, ವಸ್ತುವಿನ ಮೇಲಿನ ಮಮಕಾರದಲ್ಲಿ ಕಂಡರು. ಆ ದೃಷ್ಟಿಯಿಂದ ನೋಡಿದರೆ ತಂಡದ ನಿಜವಾದ ಪರಿಗ್ರಹಿ ಯಾರು? 2008ರಲ್ಲಿ ಮದ್ಯೋದ್ಯಮಿ ವಿಜಯ್ ಮಲ್ಯರು 11.16 ಕೋಟಿ ಡಾಲರಿಗೆ ಈ ತಂಡವನ್ನು ಕೊಂಡು ತಮ್ಮ ವಿಸ್ಕಿಯ ಹೆಸರಿನ ಮೇಲೆ ಅದಕ್ಕೆ ಹೆಸರಿಟ್ಟರು. (ಮದ್ಯವನ್ನು ಮುಟ್ಟದ ಮನೆಗಳ ಮಕ್ಕಳೂ ಆ ಹೆಸರನ್ನು ಎದೆಯ ಮೇಲೆ ಧರಿಸಿ ಬಸದಿಯ ಅಂಗಳದಲ್ಲಿ ಆಡುವುದನ್ನು ಕಂಡು ನನಗೆ ಪ್ರತಿಸಲವೂ ಕಸಿವಿಸಿಯಾಗುತ್ತದೆ, ಅವರ ತಂದೆತಾಯಿಗಳಿಗೆ ಆಗುವುದಿಲ್ಲ.) ಮುಂದೆ ಅದು ಡಿಯಾಜಿಯೊ ಒಡೆತನದ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಕೈಯಲ್ಲಿ ಉಳಿಯಿತು. ಕಪ್ಪು ಗೆದ್ದ ಐದು ತಿಂಗಳಿಗೆ, 2025ರ ನವೆಂಬರಿನಲ್ಲಿ, ಆ ಕಂಪನಿ ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಷೇರುಪೇಟೆಗೆ ತಿಳಿಸಿತು. ಒಡೆಯನಿಗೆ ಅದು ಜಮಾಖರ್ಚಿನ ಒಂದು ಸಾಲು. ಬೆಲೆ ಬಂದಾಗ ಮಾರಬಹುದು. "ನಮ್ಮದು" ಎಂದು ಅತ್ತವನು ಹಿಪ್ಪರಗಿಯಲ್ಲಿದ್ದಾನೆ. ಕಾಗದದ ಮೇಲಿನ ಒಡೆತನ ಒಬ್ಬನದು, ಮೂರ್ಛೆ ಇನ್ನೊಬ್ಬನದು.

ಹಾಗಾದರೆ ಅಭಿಮಾನಿಗೆ ಮಾತನಾಡುವ ಹಕ್ಕೇ ಇಲ್ಲವೇ? ಹಾಗೆ ಹೇಳಿದರೆ ಅದು ಅನ್ಯಾಯವಾದೀತು. 2023ರಿಂದ 2027ರವರೆಗಿನ ಐದು ವರ್ಷಗಳ ಐ.ಪಿ.ಎಲ್. ಪ್ರಸಾರದ ಹಕ್ಕುಗಳು 48,390 ಕೋಟಿ ರೂಪಾಯಿಗಳಿಗೆ ಮಾರಾಟವಾದವು. ಈ ಹಣ ಎಲ್ಲಿಂದ ಬಂತು? ನೋಡುವವರ ಕಣ್ಣುಗಳಿಂದ. ಕಣ್ಣುಗಳನ್ನು ಲೆಕ್ಕ ಹಾಕಿ ಜಾಹೀರಾತುದಾರರಿಗೆ ಮಾರುತ್ತಾರೆ. ಹಾಗೆ ನೋಡಿದರೆ ನಮ್ಮ ಓಣಿಯ ಯುವಕನೂ ಬಂಡವಾಳಗಾರನೇ. ಅವನ ಸಂಜೆಗಳೇ ಅವನ ಬಂಡವಾಳ. ಯುರೋಪಿನ ಕೆಲವು ದೇಶಗಳಲ್ಲಿ ಇದನ್ನು ನಿಯಮವಾಗಿಯೇ ಒಪ್ಪಿದ್ದಾರೆ. ಜರ್ಮನಿಯ ಫುಟ್‌ಬಾಲ್ ಲೀಗಿನಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಮತಗಳ ಬಹುಪಾಲು ಸದಸ್ಯರ ಸಂಘದ ಕೈಯಲ್ಲಿಯೇ ಇರಬೇಕು. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಒಡೆಯರು ಅದರ ಸದಸ್ಯರೇ. ಅಧ್ಯಕ್ಷನನ್ನು ಅವರೇ ಚುನಾಯಿಸುತ್ತಾರೆ.

ಆದರೆ ಹಕ್ಕು ಬಂದ ಮಾತ್ರಕ್ಕೆ ವಿವೇಕ ಬರುವುದಿಲ್ಲವೆಂಬುದಕ್ಕೂ ಅದೇ ಬಾರ್ಸಿಲೋನಾ ಸಾಕ್ಷಿ. 2017ರಲ್ಲಿ ನೇಮಾರ್ ಎಂಬ ಆಟಗಾರನನ್ನು ಪ್ಯಾರಿಸಿನ ಕ್ಲಬ್ಬು 22.2 ಕೋಟಿ ಯೂರೋ ಕೊಟ್ಟು ಒಯ್ದಿತು. ಹೋದವನ ಜಾಗ ತುಂಬಲೇಬೇಕೆಂಬ ಆತುರದಲ್ಲಿ ಬಾರ್ಸಿಲೋನಾದವರು ಕೆಲವೇ ತಿಂಗಳುಗಳಲ್ಲಿ ಇಬ್ಬರನ್ನು ತಲಾ 10 ಕೋಟಿ ಯೂರೋಗಳಿಗಿಂತ ಹೆಚ್ಚಿಗೆ ಕೊಂಡರು. 2021ರ ಆಗಸ್ಟಿನಲ್ಲಿ ಸಾಲ 135 ಕೋಟಿ ಯೂರೋ ಎಂದು ಅಧ್ಯಕ್ಷರೇ ಪ್ರಕಟಿಸಬೇಕಾಯಿತು. ಬಾಲ್ಯದಿಂದ ಅಲ್ಲಿಯೇ ಬೆಳೆದ ಮೆಸ್ಸಿಯನ್ನು ಉಳಿಸಿಕೊಳ್ಳಲಾಗದೆ ಕಳಿಸಿಕೊಟ್ಟರು. ಇಂಗ್ಲೆಂಡಿನ ಬರಿ ಎಂಬ ಊರಿನ ಕ್ಲಬ್ಬಿನ ಕಥೆ ಇನ್ನೂ ದಾರುಣ. 1885ರಲ್ಲಿ ಹುಟ್ಟಿದ ಆ ಕ್ಲಬ್ಬು 2019ರ ವಸಂತದಲ್ಲಿ ಆಟಗಾರರಿಗೆ ಸಂಬಳ ಬಾಕಿ ಇರುವಾಗಲೇ ಮೇಲಿನ ದರ್ಜೆಗೆ ಏರಿತು. ಊರು ಹಬ್ಬ ಮಾಡಿತು. ಅದೇ ವರ್ಷ ಆಗಸ್ಟ್ 27ರಂದು ಹಣಕಾಸಿನ ಭರವಸೆ ಕೊಡಲಾಗದ ಕಾರಣಕ್ಕೆ ಲೀಗಿನಿಂದಲೇ ಹೊರಬಿತ್ತು.

ಸಂಬಳದ ಮಾತು ಬಂದುದರಿಂದ ನಮ್ಮ ರಾಜ್ಯಕ್ಕೇ ಮರಳೋಣ. 2013ರಲ್ಲಿ ಜೆ.ಎಸ್.ಡಬ್ಲ್ಯೂ. ಸಮೂಹ ಸ್ಥಾಪಿಸಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದ ಫುಟ್‌ಬಾಲ್ ಕ್ಲಬ್ಬು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತೆಯಲ್ಲಿ ಮೋಹನ್ ಬಾಗಾನಿಗೆ 2-1ರಿಂದ ಸೋತು ಎರಡನೆಯ ಸ್ಥಾನ ಪಡೆಯಿತು. ಇನ್ನೊಬ್ಬ ಮುನ್ಪಡೆಯ ಆಟಗಾರನನ್ನು ತರಬೇಕೇ, ಹಿಂಬದಿಯನ್ನು ಬಲಪಡಿಸಬೇಕೇ ಎಂಬುದು ಇಂಥ ಸೋಲಿನ ನಂತರ ಅಭಿಮಾನಿಗಳಲ್ಲಿ ಸಹಜವಾಗಿ ಏಳುವ ಚರ್ಚೆ. ಅದೇ ವರ್ಷ ಆಗಸ್ಟಿನಲ್ಲಿ, ಲೀಗಿನ ಭವಿಷ್ಯ ಅನಿಶ್ಚಿತವಾದ್ದರಿಂದ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯಲಾಗಿದೆ ಎಂದು ಕ್ಲಬ್ಬು ಪ್ರಕಟಿಸಿತು. ಲೀಗನ್ನು ನಡೆಸುವವರ ಮತ್ತು ರಾಷ್ಟ್ರೀಯ ಒಕ್ಕೂಟದ ನಡುವಿನ ಒಪ್ಪಂದ ನವೀಕರಣವಾಗದೆ ಉಂಟಾದ ಬಿಕ್ಕಟ್ಟು ಅದು. ಒಂದು ಕ್ಲಬ್ಬಿನ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ನಾನು ಗಮನಿಸಿದ್ದು ಬೇರೆ. ದೊಡ್ಡ ಆಟಗಾರನಿಗೆ ಹೇಗೋ ನಡೆಯುತ್ತದೆ. ಅಂಗಮರ್ದನ ಮಾಡುವವನು, ಬಟ್ಟೆ ಒಗೆಯಿಸಿ ಬೂಟುಗಳನ್ನು ಹೊಂದಿಸಿಡುವವನು ಮೊದಲಾದ ಸಿಬ್ಬಂದಿಯ ಪಾಲಿಗೆ ಒಂದು ತಿಂಗಳೆಂದರೆ ಏನು? ಕೊಳ್ಳುವ ಚರ್ಚೆಯಲ್ಲಿ ಇವರ ಹೆಸರು ಎಂದೂ ಬರುವುದಿಲ್ಲ, ಏಕೆಂದರೆ ಇವರನ್ನು ಯಾರೂ ಹರಾಜಿನಲ್ಲಿ ಕೊಳ್ಳುವುದಿಲ್ಲ.

ಇನ್ನು 2025ರ ಜೂನ್ 4. ಅಹಮದಾಬಾದಿನಲ್ಲಿ ಗೆದ್ದ ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಹೊಣೆ ಯಾರದೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆಗಸ್ಟ್ 30ರಂದು ತಂಡದವರು ಸತ್ತವರ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಕೊಡುವುದಾಗಿ ಪ್ರಕಟಿಸಿದರು. ಹನ್ನೊಂದು ಕುಟುಂಬಗಳಿಗೆ ಒಟ್ಟು 2.75 ಕೋಟಿ. ಕೃಣಾಲ್ ಪಾಂಡ್ಯರನ್ನು ಕೊಂಡ ಬೆಲೆಯ ಅರ್ಧಕ್ಕೂ ಸ್ವಲ್ಪ ಕಡಿಮೆ. ಜೀವಕ್ಕೆ ಬೆಲೆ ಕಟ್ಟಲಾಗದು, ನಿಜ. ಕೊಟ್ಟವರನ್ನು ಕೊಟ್ಟದ್ದಕ್ಕಾಗಿ ಆಕ್ಷೇಪಿಸುವುದೂ ಸಲ್ಲದು. ಆದರೆ 5.75 ಕೋಟಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಾರಗಟ್ಟಲೆ ವಾದಿಸಿದ ನಮ್ಮ ಕಟ್ಟೆಯ ಮೇಲೆ 2.75 ಕೋಟಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಒಬ್ಬನೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಗೆದ್ದ ರಾತ್ರಿ "ನಾವು ಗೆದ್ದೆವು" ಎಂದವರು ಮರುದಿನ ಸಂಜೆ "ಅವರು ಸರಿಯಾಗಿ ವ್ಯವಸ್ಥೆ ಮಾಡಬೇಕಿತ್ತು" ಎಂದರು. ಒಂದು ಹಗಲಿನಲ್ಲಿ "ನಾವು" ಹೋಗಿ "ಅವರು" ಆಯಿತು. ಅನುಮೋದನೆಯ ಲೆಕ್ಕದಲ್ಲಿ ಹೀಗೆ ಬೇಕಾದಾಗ ಖಾತೆ ತೆರೆದು ಬೇಡವಾದಾಗ ಮುಚ್ಚಲು ಬರುವುದಿಲ್ಲ. ಗೃಹಸ್ಥರಾದ ನಾವು ಹತ್ತನೆಯ ಪ್ರತಿಮೆಯವರಲ್ಲ. ಅಭಿಪ್ರಾಯ ಹೇಳುತ್ತೇವೆ, ಹೇಳಲಿ. ಹೇಳುವವನು ಪೂರ್ತಿ ಲೆಕ್ಕವನ್ನು ಕೇಳಲಿ: ಕೊಂಡವನ ಬೆಲೆಯನ್ನು ಕೇಳಿದ ಬಾಯಿ ಕಾಯುವವನ ಸಂಬಳವನ್ನೂ ಬಾಗಿಲಿನ ಅಗಲವನ್ನೂ ಕೇಳಲಿ.

ಈ ವಿಚಾರವನ್ನು ನಮ್ಮ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ನಮ್ಮ ಬಸದಿಗಳಲ್ಲಿಯೂ ಅಭಿಷೇಕದ ಮೊದಲ ಕಲಶಕ್ಕೆ, ಪಂಚಕಲ್ಯಾಣದಲ್ಲಿ ಇಂದ್ರ-ಇಂದ್ರಾಣಿಯರ ಸ್ಥಾನಕ್ಕೆ ಸವಾಲು ನಡೆಯುತ್ತದೆ. ಅಲ್ಲಿ ಕೂಗಿದವನು ಎತ್ತುತ್ತಾನೆ. ಹಣ ಧರ್ಮಕಾರ್ಯಕ್ಕೆ ಸಲ್ಲುತ್ತದೆ. ಅಷ್ಟರಮಟ್ಟಿಗೆ ಅದು ಬೇರೆ. ಆದರೆ ಮರುವರ್ಷದ ಸಭೆಯಲ್ಲಿ ಸವಾಲು ಎಷ್ಟಕ್ಕೆ ಏರಿತು, ನೆರೆಯೂರಿನವರು ಎಷ್ಟಕ್ಕೆ ಏರಿಸಿದರು ಎಂದು ಕೇಳುವವರು ಅಡಿಗೆಯವರಿಗೆ, ಮಂಟಪ ಹಾಕಿದವರಿಗೆ ಹಣ ಯಾವಾಗ ಸಂದಿತು ಎಂದು ಕೇಳುವುದು ಅಪರೂಪ. ಟ್ರಸ್ಟುಗಳ ಲೆಕ್ಕಪತ್ರಗಳನ್ನು ಹಲವು ವರ್ಷ ತಿರುವಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಈಗ ಊರೂರುಗಳಲ್ಲಿ ನಡೆಯುವ ಟೆನಿಸ್ ಚೆಂಡಿನ ಪಂದ್ಯಾವಳಿಗಳಿಗೂ ಹರಾಜು ಬಂದಿದೆ. ಹಣದ ಬದಲು ಅಂಕಗಳು. ಪ್ರತಿ ತಂಡಕ್ಕೂ ಒಬ್ಬ "ಓನರ್". ಹದಿನಾರು ಹದಿನೇಳರ ಹುಡುಗರು ಸಭಾಗೃಹದಲ್ಲಿ ಸಾಲಾಗಿ ಕುಳಿತಿರುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಹೀಗೊಂದು ಸಭೆಗೆ ಅತಿಥಿಯಾಗಿ ಹೋಗಿದ್ದೆ. ನೇಕಾರರ ಮನೆಯ ಹುಡುಗನೊಬ್ಬನ ಹೆಸರನ್ನು ಮೂರು ಸಲ ಕೂಗಿದರು. ಯಾರೂ ಕೈ ಎತ್ತಲಿಲ್ಲ. "ಅನ್‌ಸೋಲ್ಡ್" ಎಂದರು, ಜನ ನಕ್ಕರು, ಹುಡುಗನೂ ನಕ್ಕ. ಆ ನಗುವನ್ನು ನಾನು ಇನ್ನೂ ಮರೆತಿಲ್ಲ. ಪಕ್ಕದಲ್ಲಿದ್ದವರು ಸಮಾಧಾನ ಹೇಳಿದರು: 2011ರಲ್ಲಿ ಕ್ರಿಸ್ ಗೇಲರನ್ನೂ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ನಡುವೆ ಬದಲಿಯಾಗಿ ಬೆಂಗಳೂರಿಗೆ ಬಂದವರು 608 ರನ್ನು ಹೊಡೆಯಲಿಲ್ಲವೇ ಎಂದು. ಬೆಲೆಯೆಂಬುದು ಎಷ್ಟು ಚಂಚಲ ಎಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ, 2024ರಲ್ಲಿ 23.75 ಕೋಟಿಗೆ ಕೋಲ್ಕತ್ತೆಯವರು ಕೊಂಡ ವೆಂಕಟೇಶ್ ಅಯ್ಯರರನ್ನು 2025ರ ಡಿಸೆಂಬರಿನಲ್ಲಿ ಬೆಂಗಳೂರಿನವರು 7 ಕೋಟಿಗೆ ಪಡೆದರು. ಅವರಿಗೆ ಅದು ವೃತ್ತಿ. ಒಪ್ಪಿ ಸಹಿ ಮಾಡಿದವರು. ಈ ಹುಡುಗ ಆಡಲು ಬಂದವನು. ಅವನು ಮರುವರ್ಷ ಹೆಸರು ಕೊಡಲಿಲ್ಲವೆಂದು ಕೇಳಿದೆ.

ನಮ್ಮ ಯುವಕ ಮಂಡಳಗಳು ಮಹಾವೀರ ಜಯಂತಿಯ ನಿಮಿತ್ತ ನಡೆಸುವ ಪಂದ್ಯಗಳಲ್ಲಾದರೂ ಹರಾಜನ್ನು ಬಿಟ್ಟು ಚೀಟಿ ಎತ್ತಿ ತಂಡ ಕಟ್ಟಬೇಕೆಂದೂ, ಬಂದ ಹಣದಲ್ಲಿ ಅಂಪೈರರ ಸಂಭಾವನೆ, ಕುಡಿಯುವ ನೀರು, ಗಾಯಕ್ಕೆ ಔಷಧ, ಮೈದಾನ ಸ್ವಚ್ಛ ಮಾಡುವವರ ಕೂಲಿ ಇವನ್ನು ಬಹುಮಾನಕ್ಕಿಂತ ಮೊದಲು ತೆಗೆದಿಡಬೇಕೆಂದೂ ಒಂದು ಮಂಡಳದವರ ಮುಂದೆ ಇಟ್ಟೆ. "ಲಿಲಾವು ಇಲ್ಲಂದ್ರ ಮಂದಿ ಬರೂದಿಲ್ರಿ, ಕಾಕಾರ" ಎಂದು ಒಬ್ಬ ಹೇಳಿದ. ಅವನ ಮಾತು ಸುಳ್ಳಲ್ಲ. ಬಹಳ ಹೊತ್ತು ವಾದವಾಯಿತು. ಕೂಲಿ ಮತ್ತು ಸಂಭಾವನೆಯ ಹಣವನ್ನು ಮೊದಲೇ ತೆಗೆದಿಡಲು ಒಪ್ಪಿದ್ದಾರೆ. ಚೀಟಿಯ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದ್ದಾರೆ.